ಸರಖೇಲ್ ಕಾನ್ಹೋಜಿ ಆಂಗ್ರೆ: ಜೀವನ ಮತ್ತು ಸಂದರ್ಶನೀಯ ಸ್ಥಳಗಳು

ಕೊಂಕಣ ಕರಾವಳಿಯ ಜಲದುರ್ಗಗಳನ್ನು ಸಂದರ್ಶಿಸುವವರಿಗೆ ಪದೇ ಪದೇ ಎದುರಾಗುವ ಹೆಸರು ಕಾನ್ಹೋಜಿ ಆಂಗ್ರೆಯವರದು. ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ದಾಖಲೆಗಳು ಅವರನ್ನು ಕಡಲ್ಗಳ್ಳರೆಂದು ಕರೆದಿವೆ. ಮರಾಠಾ ರಾಜ್ಯದ ದಾಖಲೆಗಳಲ್ಲಿ ಅವರು ಸರಖೇಲ್, ಅಂದರೆ ನೌಕಾಪಡೆಯ ಮುಖ್ಯಸ್ಥರು. ಅವರ ಜೀವನದ ಮುಖ್ಯ ಘಟನೆಗಳನ್ನೂ ಅವುಗಳಿಗೆ ಸಂಬಂಧಿಸಿದ ಸ್ಥಳಗಳ ವಿವರವನ್ನೂ ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ಆರಂಭಿಕ ಸೇವೆ

ಕಾನ್ಹೋಜಿಯವರು 1669ರಲ್ಲಿ ಜನಿಸಿದರೆಂದು ಸಾಮಾನ್ಯವಾಗಿ ಪರಿಗಣಿಸಲಾಗಿದೆ. ಅಂಗರವಾಡಿ ಎಂಬ ಗ್ರಾಮದಿಂದ ಈ ಮನೆತನಕ್ಕೆ ಆಂಗ್ರೆ ಎಂಬ ಹೆಸರು ಬಂದಿತು. ತಂದೆ ತುಕೋಜಿಯವರು ಛತ್ರಪತಿ ಶಿವಾಜಿ ಮಹಾರಾಜರ ಸೇವೆಯಲ್ಲಿದ್ದು, ಸುವರ್ಣದುರ್ಗದಲ್ಲಿ ಕಾರ್ಯನಿರ್ವಹಿಸಿದ್ದರು. ಮಗನ ಸೇವೆಯೂ ಅದೇ ಕೋಟೆಯ ಪರಿಸರದಲ್ಲಿ ಬೆಳೆಯಿತು. 1698ರ ಸುಮಾರಿಗೆ ಮರಾಠಾ ನೌಕಾಪಡೆಯ ಹೊಣೆ ಅವರಿಗೆ ದೊರೆಯಿತು.

ಮುಂದೆ ಮರಾಠಾ ರಾಜಮನೆತನದಲ್ಲಿ ತಾರಾಬಾಯಿ ಮತ್ತು ಶಾಹು ಮಹಾರಾಜರ ನಡುವೆ ಉತ್ತರಾಧಿಕಾರದ ಕಲಹ ಉಂಟಾದಾಗ ಕಾನ್ಹೋಜಿಯವರು ಮೊದಲು ತಾರಾಬಾಯಿಯವರ ಪಕ್ಷದಲ್ಲಿದ್ದರು. ತಮ್ಮ ವಿರುದ್ಧ ಬಂದ ಪೇಶ್ವೆ ಬಹಿರೋಜಿ ಪಿಂಗಳೆಯವರನ್ನು ಅವರು ಸೆರೆಹಿಡಿದರು. ಬಳಿಕ ಬಾಲಾಜಿ ವಿಶ್ವನಾಥರು ನಡೆಸಿದ ಸಂಧಾನದ ಫಲವಾಗಿ ಶಾಹು ಮಹಾರಾಜರ ಅಧಿಕಾರವನ್ನು ಒಪ್ಪಿಕೊಂಡರು. ಸರಖೇಲ್ ಪದವಿಯೊಂದಿಗೆ ಹತ್ತು ಪ್ರಮುಖ ಕೋಟೆಗಳೂ ಹದಿನಾರು ಕಿರುಕೋಟೆಗಳೂ ಅವರ ಅಧೀನದಲ್ಲಿರತಕ್ಕದ್ದೆಂದು ನಿಶ್ಚಯಿಸಲಾಯಿತು.

ರಹದಾರಿಯ ವಿವಾದ

ಆ ಕಾಲದಲ್ಲಿ ಸಮುದ್ರದಲ್ಲಿ ಸಂಚರಿಸಲು ರಹದಾರಿ ಪತ್ರ ಪಡೆಯುವ ಪದ್ಧತಿಯಿತ್ತು. ಪೋರ್ಚುಗೀಸರು 16ನೆಯ ಶತಮಾನದಿಂದಲೇ ತಮ್ಮ ಪತ್ರವಿಲ್ಲದ ಹಡಗುಗಳನ್ನು ವಶಪಡಿಸಿಕೊಳ್ಳುತ್ತಿದ್ದರು. ಕಾನ್ಹೋಜಿಯವರೂ ಕೊಂಕಣದ ಕಡಲಿನಲ್ಲಿ ದಸ್ತಕ ಎಂಬ ರಹದಾರಿಯನ್ನು ಶುಲ್ಕ ಪಡೆದು ನೀಡಿದರು. ದಸ್ತಕವಿಲ್ಲದ ಹಡಗುಗಳನ್ನು ಹಿಡಿದರು. ಇಂಗ್ಲಿಷರ ನಿಶಾನೆಯ ಆಶ್ರಯದಲ್ಲಿ ಸಾಗುವ ಇತರ ವ್ಯಾಪಾರಿಗಳ ಸರಕಿಗೂ ವಿನಾಯಿತಿ ಸಲ್ಲುತ್ತದೆಯೇ ಎಂಬುದು ಉಭಯ ಪಕ್ಷಗಳ ನಡುವಣ ಮುಖ್ಯ ವಿವಾದವಾಗಿತ್ತು. ಕಂಪನಿಗೆ ಕಳ್ಳತನವಾಗಿ ಕಂಡದ್ದು ಮರಾಠಾ ರಾಜ್ಯದ ದೃಷ್ಟಿಯಲ್ಲಿ ಸುಂಕದ ಹಕ್ಕಾಗಿತ್ತು.

ಈ ಹಕ್ಕಿನ ಬೆಲೆಯನ್ನು ತೆತ್ತವರೂ ಇದ್ದರು. 1712ರ ನವೆಂಬರಿನಲ್ಲಿ ಕಾರವಾರದಿಂದ ಮುಂಬಯಿಗೆ ಹೊರಟಿದ್ದ ಇಂಗ್ಲಿಷರ ಎರಡು ಹಡಗುಗಳನ್ನು ಆಂಗ್ರೆಯವರ ನೌಕೆಗಳು ಅಡ್ಡಗಟ್ಟಿದವು. ಅವುಗಳಲ್ಲಿ ಒಂದು ಮುಂಬಯಿ ಗವರ್ನರರದು. ಕಾಳಗದಲ್ಲಿ ಕಾರವಾರದ ಇಂಗ್ಲಿಷ್ ಕೋಠಿಯ ಥಾಮಸ್ ಚೌನ್ ಮೃತಪಟ್ಟನು. ಗರ್ಭಿಣಿಯಾಗಿದ್ದ ಆತನ ಪತ್ನಿ ಕ್ಯಾಥರೀನ್ ಸೆರೆಯಾದಳು. 30,000 ರೂಪಾಯಿಗಳ ಬಿಡುಗಡೆ ಹಣ ಸಂದಾಯವಾದ ಬಳಿಕ 1713ರ ಫೆಬ್ರವರಿಯಲ್ಲಿ ಆಕೆಯನ್ನು ಬಿಡಲಾಯಿತು. ಅದೇ ಸಂದರ್ಭದಲ್ಲಿ ಕಂಪನಿಯೊಂದಿಗೆ ಆದ ಒಪ್ಪಂದ ಬಹುಕಾಲ ಉಳಿಯಲಿಲ್ಲ.

ಯುದ್ಧಗಳು ಮತ್ತು ನಿಧನ

ಮುಂಬಯಿ ಗವರ್ನರ್ ಚಾರ್ಲ್ಸ್ ಬೂನ್ ಅವಧಿಯಲ್ಲಿ ಇಂಗ್ಲಿಷರು 1717ರಲ್ಲಿ ವಿಜಯದುರ್ಗದ ಮೇಲೆ, 1718ರಲ್ಲಿ ಖಾಂದೇರಿಯ ಮೇಲೆ, 1720ರಲ್ಲಿ ಮತ್ತೆ ವಿಜಯದುರ್ಗದ ಮೇಲೆ ದಾಳಿ ನಡೆಸಿ ವಿಫಲರಾದರು. 1721ರಲ್ಲಿ ಪೋರ್ಚುಗೀಸರೊಡಗೂಡಿ ಕೊಲಾಬಾ ಕೋಟೆಯ ಮೇಲೆ ನಡೆಸಿದ ಜಂಟಿ ದಾಳಿಯೂ ಫಲಿಸಲಿಲ್ಲ. 1724ರಲ್ಲಿ ಡಚ್ಚರಿಗೂ ವಿಜಯದುರ್ಗದಲ್ಲಿ ಇದೇ ಗತಿಯಾಯಿತು. ಕಡಿಮೆ ಆಳದ ನೀರಿನಲ್ಲಿ ಚಲಿಸಬಲ್ಲ ಗುರಾಬ್ ಹಡಗುಗಳು, ಹುಟ್ಟುಗಳಿಂದ ಸಾಗುವ ಗಲ್ಬತ್ ನೌಕೆಗಳು ಮತ್ತು ಹಿಂದೆ ಸರಿದು ಆಶ್ರಯ ಪಡೆಯಲು ದೊರೆಯುತ್ತಿದ್ದ ಕೋಟೆಗಳೇ ಈ ಪಡೆಯ ಬಲವಾಗಿದ್ದವು.

ಕಾನ್ಹೋಜಿಯವರು 1729ರ ಜುಲೈ 4ರಂದು ನಿಧನರಾದರು. ಅನಂತರ ಮಕ್ಕಳಲ್ಲಿ ಒಡಕುಂಟಾಗಿ ಕೊಲಾಬಾ ಮತ್ತು ವಿಜಯದುರ್ಗಗಳು ಬೇರೆ ಬೇರೆಯಾದವು. ಪರಕೀಯರ ಸತತ ದಾಳಿಗಳಿಗೆ ಬಗ್ಗದಿದ್ದ ವಿಜಯದುರ್ಗವು, 1756ರಲ್ಲಿ ಪೇಶ್ವೆಯವರೇ ಇಂಗ್ಲಿಷರ ಜೊತೆಗೂಡಿದಾಗ ಪತನಗೊಂಡಿತು. ಆಂಗ್ರೆಯವರ ಪುತ್ರ ತುಳಾಜಿ ಸೆರೆಯಾದರು. ಕೋಟೆಯ ಬಳಿ ಲಂಗರು ಹಾಕಿದ್ದ ನೌಕಾಪಡೆ ಬೆಂಕಿಗೆ ಆಹುತಿಯಾಯಿತು.

ಸಂದರ್ಶನೀಯ ಸ್ಥಳಗಳು

ಕೊಲಾಬಾ ಕೋಟೆ: ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಅಲಿಬಾಗಿನ ಕಡಲತೀರದ ಎದುರಿಗಿದೆ. ಇಳಿತದ ಸಮಯದಲ್ಲಿ ನಡೆದು ಹೋಗಬಹುದು. ಉಬ್ಬರ ಆರಂಭವಾಗುವ ಮುನ್ನ ಹಿಂದಿರುಗುವುದು ಅಗತ್ಯ. ಕಾನ್ಹೋಜಿಯವರ ಸಮಾಧಿ ಅಲಿಬಾಗ್ ಪಟ್ಟಣದಲ್ಲಿದೆ.

ಖಾಂದೇರಿ: ಅಲಿಬಾಗ್ ಸಮೀಪದ ಈ ದ್ವೀಪಕ್ಕೆ ಕಾನ್ಹೋಜಿ ಆಂಗ್ರೆ ದ್ವೀಪವೆಂದು ಮರುನಾಮಕರಣ ಮಾಡಲಾಗಿದೆ. ಇಲ್ಲಿನ ದೀಪಸ್ತಂಭ 1867ರಲ್ಲಿ ನಿರ್ಮಾಣವಾಯಿತು.

ಸುವರ್ಣದುರ್ಗ: ರತ್ನಾಗಿರಿ ಜಿಲ್ಲೆಯ ಹರ್ಣೈ ಬಂದರಿನಿಂದ ದೋಣಿಯಲ್ಲಿ ತಲುಪಬೇಕು.

ವಿಜಯದುರ್ಗ: ಸಿಂಧುದುರ್ಗ ಜಿಲ್ಲೆಯಲ್ಲಿದೆ. ರಸ್ತೆಯ ಮೂಲಕ ತಲುಪಬಹುದು.

ಖಾಂದೇರಿ, ಸುವರ್ಣದುರ್ಗ ಮತ್ತು ವಿಜಯದುರ್ಗಗಳು 2025ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರ್ಪಡೆಯಾದ ಮರಾಠಾ ಸೈನಿಕ ಭೂದೃಶ್ಯಗಳ ಹನ್ನೆರಡು ಕೋಟೆಗಳಲ್ಲಿ ಸೇರಿವೆ. ಕಂಪನಿಯು ಕಡಲ್ಗಳ್ಳರೆಂದು ಕರೆದ ಇದೇ ವ್ಯಕ್ತಿಯ ಹೆಸರನ್ನು ಭಾರತೀಯ ನೌಕಾಪಡೆಯು ಮುಂಬಯಿಯ ತನ್ನ ತೀರನೆಲೆಗೆ ಇರಿಸಿದೆ. ಅದು ಐಎನ್‌ಎಸ್ ಆಂಗ್ರೆ.

ಸಂದರ್ಶಕರ ಗಮನಕ್ಕೆ

ಮಳೆಗಾಲದಲ್ಲಿ ಸಮುದ್ರ ಪ್ರಕ್ಷುಬ್ಧವಾಗಿರುವುದರಿಂದ ದೋಣಿ ಸಂಚಾರ ಸಾಮಾನ್ಯವಾಗಿ ಸ್ಥಗಿತಗೊಳ್ಳುತ್ತದೆ. ಉಬ್ಬರ ಇಳಿತದ ವೇಳೆಯನ್ನು ಸ್ಥಳೀಯವಾಗಿ ವಿಚಾರಿಸಿಕೊಂಡು ಹೊರಡತಕ್ಕದ್ದು. ಸಂರಕ್ಷಿತ ಸ್ಮಾರಕಗಳ ಗೋಡೆಗಳ ಮೇಲೆ ಬರೆಯುವುದು, ಕಲ್ಲುಗಳನ್ನು ಕೀಳುವುದು ಕಾನೂನಿನನ್ವಯ ಶಿಕ್ಷಾರ್ಹ ಅಪರಾಧವಾಗಿರುತ್ತದೆ.