ವಂದನೀಯ ಮಿರಾಂದಾ ಸ್ವಾಮಿಗಳು

ನಮ್ಮ ಪುಂಜಾಲಕಟ್ಟೆಯಿಂದ ಬಂಟ್ವಾಳ ದಾಟಿ ಮಂಗಳೂರಿನತ್ತ ಸಾಗುವಾಗ ನೇತ್ರಾವತಿಯ ದಡದಲ್ಲಿ ಫರಂಗಿಪೇಟೆ ಸಿಗುತ್ತದೆ. ಅಲ್ಲಿನ ಮೊಂತೆ ಮರಿಯಾನೊ ಮಠದ ಮುಖ್ಯಸ್ಥರಾಗಿದ್ದ, ಗೋವೆ ಮೂಲದ ವಂದನೀಯ ಜೋಕಿಂ ಮಿರಾಂದಾ ಸ್ವಾಮಿಗಳು ಹೈದರಾಲಿಗೆ ಆಪ್ತಮಿತ್ರರಾಗಿದ್ದರು.

1782ರಲ್ಲಿ ಹೈದರನು ತೀರಿಕೊಂಡನು. ಮರುವರ್ಷ ಇಂಗ್ಲಿಷರ ಜನರಲ್ ಮ್ಯಾಥ್ಯೂಸನು ಕರಾವಳಿಗೆ ನುಗ್ಗಿದಾಗ, ಕ್ರೈಸ್ತರು ಆತನಿಗೆ 3,30,000 ರೂಪಾಯಿ ಸಾಲವಿತ್ತು ರಾಜದ್ರೋಹ ಬಗೆದರೆಂಬ ಆಪಾದನೆ ಹುಟ್ಟಿತು. ಕೆಲವರು ಕೊಟ್ಟಿದ್ದರೂ ಇರಬಹುದು. ಆದರೆ ತೊಟ್ಟಿಲ ಕೂಸೂ ಗದ್ದೆಯ ಒಕ್ಕಲೂ ದ್ರೋಹಿಗಳೆನಿಸಿದ್ದನ್ನು ನಾವು ನ್ಯಾಯವೆನ್ನಲಾರೆವು. 1784ರ ವಿಭೂತಿ ಬುಧವಾರದ ಸುಮಾರಿಗೆ ಸಾವಿರಾರು ಜನರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಅಟ್ಟಲಾಯಿತು. ದೇವಾಲಯಗಳು ನೆಲಸಮವಾದವು. ಮಿರಾಂದಾ ಸ್ವಾಮಿಗಳೂ ಸೇರಿ 21 ಮಂದಿ ಗುರುಗಳನ್ನು ದಂಡ ವಿಧಿಸಿ ಗೋವೆಗೆ ಗಡೀಪಾರು ಮಾಡಲಾಯಿತು, ಮರಳಿದರೆ ಗಲ್ಲು.

ಆದರೂ ತಂದೆಯ ಗೆಳೆತನವನ್ನು ಟಿಪ್ಪು ಪೂರ್ತಿಯಾಗಿ ಮರೆಯಲಿಲ್ಲ. ಅದರ ಸಲುವಾಗಿ ಮೊಂತೆ ಮರಿಯಾನೊ ಉಳಿಯಿತೆಂದು ನಮ್ಮ ಚರಿತ್ರಕಾರರು ಬರೆದಿದ್ದಾರೆ. (ಮೂಡಬಿದಿರೆಯ ಹೊಸಪೇಟೆಯ ದೇವಾಲಯವೂ ಜೈನ ಚೌಟ ಅರಸರ ಬಿನ್ನಹದಿಂದ ಉಳಿಯಿತು, ಈ ಉಪಕಾರವನ್ನೂ ನಾವು ನೆನೆಯತಕ್ಕದ್ದು.) ಗೋಡೆಗಳಿಗೆ ದೊರೆತ ಕರುಣೆ ಅವುಗಳೊಳಗೆ ಪ್ರಾರ್ಥಿಸಿದ ಜನರಿಗೆ ದೊರೆಯಲಿಲ್ಲ. ಅವರಲ್ಲಿ ಬದುಕುಳಿದವರು ಘಟ್ಟವಿಳಿದು ಊರು ಸೇರಿದ್ದು ಹೆಚ್ಚಾಗಿ 1799ರ ಮೇ 4ರಂದು ಟಿಪ್ಪು ಮಡಿದ ಮೇಲೆಯೇ.