ಮಿದುಳಿನ ಅಲೆ ಕಂಡುಹಿಡಿದ ಹಾನ್ಸ್ ಬರ್ಗರ್: ಆ ಅಲೆಗೂ ನೋವಿಗೂ ಏನು ನಂಟು?

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಎಳೆಯ ಮಕ್ಕಳಿಗೆ ಕಿವಿ ಕೇಳುತ್ತದೆಯೇ ಎಂದು ತಿಳಿಯಲು, ಮಗು ನಿದ್ದೆಯಲ್ಲಿದ್ದಾಗ ತಲೆಗೆ ಸಣ್ಣ ವೈರುಗಳನ್ನು ಅಂಟಿಸಿ ಪರೀಕ್ಷೆ ಮಾಡುತ್ತಾರೆ. ವೈರು ನೋಡಿದೊಡನೆ, ಕೂಸಿಗೆ ಕರೆಂಟ್ ಕೊಡುತ್ತಾರೇನೋ ಎಂದು ಮನೆಯವರಿಗೆ ಅಳುಕು. ಕೊಡುವುದಿಲ್ಲ. ಮಿದುಳಿನಲ್ಲಿ ತಾನಾಗಿಯೇ ಹುಟ್ಟುವ ವಿದ್ಯುತ್ತನ್ನು ಅಳೆಯುತ್ತಾರೆ, ಅಷ್ಟೆ. ಇನ್ನೊಂದು ಕಡೆ, ಹಣೆಗೆ ಕಟ್ಟಿಕೊಂಡರೆ ಮಿದುಳಿನ ಅಲೆ ಸರಿಹೋಗಿ ತಲೆನೋವು, ಬೆನ್ನುನೋವು ಮಾಯ ಎನ್ನುವ ಪಟ್ಟಿಗಳ ಜಾಹೀರಾತು. ಅಳೆಯುವುದು ಬೇರೆ, ಕೊಡುವುದು ಬೇರೆ. ಈ ವ್ಯತ್ಯಾಸ ತಿಳಿಯಲು ನಾವು ಜರ್ಮನಿಯ ಹಾನ್ಸ್ ಬರ್ಗರ್ ಅವರ ಬದುಕನ್ನು ನೋಡೋಣ.

ಬರ್ಗರ್ ಹುಟ್ಟಿದ್ದು 1873ರಲ್ಲಿ. ಖಗೋಳ ವಿಜ್ಞಾನಿಯಾಗುವ ಆಸೆ ಇತ್ತು. ಓದು ಬಿಟ್ಟು ಸೇನೆ ಸೇರಿದ್ದಾಗ ಒಂದು ದಿನ ಕವಾಯತಿನಲ್ಲಿ ಕುದುರೆಯಿಂದ ಬಿದ್ದರು. ಹಿಂದೆ ಬರುತ್ತಿದ್ದ ಫಿರಂಗಿ ಗಾಡಿ ಇನ್ನೇನು ಮೈಮೇಲೆ ಹರಿಯಬೇಕು, ಅಷ್ಟರಲ್ಲಿ ನಿಂತಿತು. ಅದೇ ದಿನ ದೂರದ ಊರಿನಲ್ಲಿದ್ದ ಅಕ್ಕನಿಗೆ ತಮ್ಮನಿಗೇನೋ ಆಗಿದೆ ಅನ್ನಿಸಿ, ಅಪ್ಪನಿಂದ ತಂತಿ ಕಳಿಸಿದಳು. ಕಾಕತಾಳೀಯ ಎಂದು ನಾವು ಅನ್ನಬಹುದು. ಬರ್ಗರ್ ಹಾಗೆ ಅಂದುಕೊಳ್ಳಲಿಲ್ಲ. ಒಂದು ಮನಸ್ಸು ಇನ್ನೊಂದಕ್ಕೆ ಸುದ್ದಿ ಮುಟ್ಟಿಸಬಲ್ಲದು ಎಂದು ನಂಬಿ, ಆ ಶಕ್ತಿಯನ್ನು ಹುಡುಕಲೆಂದೇ ವೈದ್ಯಕೀಯ ಓದಿದರು.

ಯೇನಾ ನಗರದ ಮಾನಸಿಕ ಆಸ್ಪತ್ರೆಗೆ 1897ರಲ್ಲಿ ಸೇರಿ, 1919ರಲ್ಲಿ ಅದರ ಮುಖ್ಯಸ್ಥರಾದರು. ಮಿದುಳಿನ ರಕ್ತದ ಹರಿವು, ಉಷ್ಣತೆ ಎಲ್ಲವನ್ನೂ ಅಳೆದು ನೋಡಿದರು. ವರ್ಷಗಟ್ಟಲೆ ಏನೂ ಗಿಟ್ಟಲಿಲ್ಲ. 1924ರಲ್ಲಿ, ಶಸ್ತ್ರಚಿಕಿತ್ಸೆಯಿಂದ ತಲೆಬುರುಡೆಯ ಒಂದು ಭಾಗ ತೆಗೆದಿದ್ದ ಹುಡುಗನೊಬ್ಬನಲ್ಲಿ ಮೊದಲ ಬಾರಿಗೆ ಮಿದುಳಿನ ವಿದ್ಯುತ್ತು ಅಲುಗಾಡಿದ್ದು ಕಂಡಿತು. ತಮ್ಮ ಕಣ್ಣನ್ನು ತಾವೇ ನಂಬದೆ ಐದು ವರ್ಷ ಸುಮ್ಮನಿದ್ದು, ಮಗ ಕ್ಲಾಸ್‌ನ ತಲೆಯ ಮೇಲೂ ಪರೀಕ್ಷಿಸಿ, 1929ರಲ್ಲಿ ಪ್ರಕಟಿಸಿದರು. ಅದೇ ಇಇಜಿ. ಕಣ್ಣು ಮುಚ್ಚಿ ಹಾಯಾಗಿ ಕುಳಿತಾಗ ಸೆಕೆಂಡಿಗೆ ಸುಮಾರು 10 ಬಾರಿ ಏರಿಳಿಯುವ ಅಲೆಗೆ ಆಲ್ಫಾ ಎಂದು ಹೆಸರಿಟ್ಟರು. ಅದರ ಬಲ ಟಾರ್ಚಿನ ಸೆಲ್ಲಿನ ಸುಮಾರು 30 ಸಾವಿರದಲ್ಲಿ ಒಂದು ಪಾಲು! ಕಣ್ಣು ಬಿಟ್ಟರೆ, ಏಕಾಗ್ರತೆಯಿಂದ ಲೆಕ್ಕ ಮಾಡಿದರೆ ಅದು ಕುಗ್ಗುತ್ತಿತ್ತು. ಹೆಚ್ಚಿನವರು ಇದನ್ನು ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಮಾಡಿ ತೋರಿಸಿದ ಮೇಲೆ ಜಗತ್ತು ಒಪ್ಪಿತು. ಟೆಲಿಪಥಿ ಮಾತ್ರ ಸಿಗಲೇ ಇಲ್ಲ.

ಬರ್ಗರ್ ನಾಜಿಗಳಿಂದ ಕಿರುಕುಳ ಅನುಭವಿಸಿದವರು ಎಂಬ ಕಥೆ ಬಹುಕಾಲ ಓಡಾಡಿತು. ದಾಖಲೆಗಳು ಬೇರೆಯೇ ಹೇಳುತ್ತವೆ: ಜನರಿಗೆ ಬಲವಂತದ ಸಂತಾನಹರಣ ಚಿಕಿತ್ಸೆ ವಿಧಿಸುತ್ತಿದ್ದ ನಾಜಿ ನ್ಯಾಯಮಂಡಳಿಯಲ್ಲಿ ಅವರೂ ಕುಳಿತಿದ್ದರು. ಇಇಜಿಯ ಋಣ ಇರುವ ನಮಗೆ ಇದನ್ನು ಬರೆಯಲು ಇಷ್ಟವಿಲ್ಲ, ಆದರೆ ಬಿಡುವಂತೆಯೂ ಇಲ್ಲ. 1938ರಲ್ಲಿ ನಿವೃತ್ತರಾದರು. ತೀವ್ರ ಖಿನ್ನತೆಯಲ್ಲಿ 1941ರಲ್ಲಿ ತಮ್ಮ ಪ್ರಾಣ ತಾವೇ ತೆಗೆದುಕೊಂಡರು.

ನೋವಿನ ನಂಟು ಬಂದದ್ದು ಆಮೇಲೆ. ದೆಹಲಿಯ ಏಮ್ಸ್‌ನ ಆನಂದ್ ಮತ್ತು ಸಂಗಡಿಗರು 1961ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಬ್ಬರು ಯೋಗಿಗಳು 4 ಡಿಗ್ರಿ ತಣ್ಣೀರಿನಲ್ಲಿ ಮುಕ್ಕಾಲು ಗಂಟೆಗೂ ಹೆಚ್ಚು ಕೈಯಿಟ್ಟರೂ ಆಲ್ಫಾ ಅಲೆ ಕುಗ್ಗಲಿಲ್ಲ. ಯೋಗದ ಊರಾದ ಮೈಸೂರಿನವರಿಗೆ ಇದು ಹೆಮ್ಮೆಯ ವಿಷಯವೇ. ಆದರೆ ಇಬ್ಬರೇ ಇಬ್ಬರು ಎಂಬುದನ್ನು ಮರೆಯಬಾರದು. ಹಾಗಾದರೆ ಹೊರಗಿನಿಂದ ಆಲ್ಫಾ ಹೆಚ್ಚಿಸಿದರೆ ನೋವು ಇಳಿದೀತೇ? ಅಮೆರಿಕದಲ್ಲಿ 2019ರಲ್ಲಿ ಪ್ರಕಟವಾದ, ಬೆನ್ನುನೋವಿನ 20 ಜನರ ಪ್ರಯೋಗವೊಂದರಲ್ಲಿ ನೆತ್ತಿಗೆ ಸೆಕೆಂಡಿಗೆ 10 ಬಾರಿ ಏರಿಳಿಯುವ ಸಣ್ಣ ಕರೆಂಟ್ ಕೊಟ್ಟಾಗ, ಆಲ್ಫಾ ಹೆಚ್ಚಿದವರಲ್ಲಿ ನೋವೂ ತಗ್ಗಿತು. ಆಸೆ ಹುಟ್ಟಿಸುವ ಫಲಿತಾಂಶ, ಆದರೆ ತೀರಾ ಚಿಕ್ಕದು. ಅಯಸ್ಕಾಂತದಿಂದ ಮಿದುಳನ್ನು ಚೋದಿಸುವ ಟಿಎಂಎಸ್‌ಗೆ ಸಾಕ್ಷ್ಯ ಸ್ವಲ್ಪ ಹೆಚ್ಚಿದೆ. ಅದರಲ್ಲೂ ನೋವಿನ ಇಳಿಕೆ ಸಾಮಾನ್ಯವಾಗಿ ಅಲ್ಪ, ಅಲ್ಪಕಾಲದ್ದು. ಯಂತ್ರ ಹಚ್ಚಿದಂತೆ ಸುಮ್ಮನೆ ನಟಿಸಿದಾಗಲೂ ಹಲವರಿಗೆ ನೋವು ಇಳಿಯುತ್ತದೆ ಎಂಬುದು ಈ ಪ್ರಯೋಗಗಳ ದೊಡ್ಡ ತೊಡಕು.

ಹಾಗಾಗಿ ಯಾರಾದರೂ ಪಟ್ಟಿ ಮಾರಲು ಬಂದರೆ ಮೊದಲು ಕೇಳಿ: ಇದು ಅಳೆಯುತ್ತದೋ, ಕರೆಂಟ್ ಕೊಡುತ್ತದೋ? ಕೊಡುವುದಾದರೆ, ಮೂರ್ಛೆರೋಗ ಇದ್ದವರು, ಪೇಸ್‌ಮೇಕರ್ ಹಾಕಿಸಿಕೊಂಡವರು ನರರೋಗ ತಜ್ಞರನ್ನು ಕೇಳದೆ ಮುಟ್ಟಬೇಡಿ. ಅದನ್ನು ನಂಬಿ ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನಂತೂ ನಿಲ್ಲಿಸಬೇಡಿ.