ಸತ್ತವರ ಹೃದಯ ಏನು ಹೇಳುತ್ತದೆ? ಅದನ್ನು ಓದಲು ಕಲಿಸಿದ ವೈದ್ಯ ವಿರ್ಚೋ

2025ರ ಮೇ ಕೊನೆಯಿಂದ ಜುಲೈವರೆಗೆ ಹಾಸನ ಜಿಲ್ಲೆಯಲ್ಲಿ ಒಂದರ ಹಿಂದೊಂದು ಹೃದಯಾಘಾತದ ಸುದ್ದಿ ಬಂತು. ವನಗೂರಿನಂಥ ಮಲೆನಾಡ ಊರುಗಳ ಮೊಬೈಲುಗಳಿಗೂ ಫಾರ್ವರ್ಡ್‌ಗಳು ತಲುಪಿದವು. ಒಂದು ಕೋವಿಡ್ ಕಾರಣ ಎಂದರೆ, ಇನ್ನೊಂದು ಲಸಿಕೆ ಎಂದಿತು. ನಿಜ ತಿಳಿಯುವುದು ಹೇಗೆ? ಅದರ ದಾರಿ ತೋರಿಸಿದವರಲ್ಲಿ ಪ್ರಮುಖರು ರುಡಾಲ್ಫ್ ವಿರ್ಚೋ.

ಯಾರು ಈ ವಿರ್ಚೋ?

ಹುಟ್ಟಿದ್ದು 1821ರ ಅಕ್ಟೋಬರ್ 13ರಂದು, ಇಂದಿನ ಪೋಲೆಂಡ್‌ನ ಸಣ್ಣ ಊರಿನಲ್ಲಿ. 1843ರಲ್ಲಿ ವೈದ್ಯ ಪದವಿ ಪಡೆದು ಬರ್ಲಿನ್‌ನ ಶಾರಿಟೆ ಆಸ್ಪತ್ರೆಯಲ್ಲಿ ಶವಪರೀಕ್ಷೆಯ ಕೆಲಸಕ್ಕೆ ಸೇರಿದರು. ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಹರಿದುಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡು ಜೀವ ತೆಗೆಯಬಹುದು ಎಂದು ತೋರಿಸಿದರು.

1848ರಲ್ಲಿ ಟೈಫಸ್ ಹರಡಿದ್ದ ಸೈಲೀಷಿಯಾಕ್ಕೆ ಸರ್ಕಾರ ಅವರನ್ನು ಕಳಿಸಿತು. ಬಡತನ, ಹಸಿವು, ಆಡಳಿತದ ನಿರ್ಲಕ್ಷ್ಯವೇ ಈ ಸಾವುಗಳ ಮೂಲ ಎಂದು ಅವರು ವರದಿ ಕೊಟ್ಟರು. ರಾಜಕೀಯ ನಿಲುವಿನಿಂದಾಗಿ 1849ರಲ್ಲಿ ಬರ್ಲಿನ್ ಬಿಡಬೇಕಾಯಿತು, ಮರಳಿದ್ದು 1856ರಲ್ಲಿ. ಕಾಯಿಲೆ ಶುರುವಾಗುವುದು ಜೀವಕೋಶದಲ್ಲಿ ಎಂಬ ಅವರ ಪುಸ್ತಕ 1858ರಲ್ಲಿ ಬಂತು. ಪ್ರತಿ ಅಂಗವನ್ನೂ ಕ್ರಮವಾಗಿ ಪರೀಕ್ಷಿಸುವ ಶವಪರೀಕ್ಷೆಯ ವಿಧಾನವನ್ನು 1876ರಲ್ಲಿ ಪ್ರಕಟಿಸಿದರು.

ಅವರ ಬಗ್ಗೆಯೂ ಒಂದು ಫಾರ್ವರ್ಡ್!

ಬಿಸ್ಮಾರ್ಕ್ ದ್ವಂದ್ವಯುದ್ಧಕ್ಕೆ ಕರೆದಾಗ ವಿರ್ಚೋ ಹುಳುವಿದ್ದ ಹಂದಿಮಾಂಸದ ಸಾಸೇಜನ್ನೇ ಆಯುಧವಾಗಿ ಆರಿಸಿಕೊಂಡರು ಎಂಬ ಕಥೆಯಿದೆ. 1865ರಲ್ಲಿ ಸವಾಲು ಬಂದದ್ದು ನಿಜ, ವಿರ್ಚೋ ನಿರಾಕರಿಸಿದ್ದೂ ನಿಜ. ಸಾಸೇಜಿನ ಭಾಗಕ್ಕೆ ಪುರಾವೆ ಇಲ್ಲ.

ಅವರೂ ತಪ್ಪಿದ್ದರು. ಬಾಣಂತಿಯರ ಜ್ವರ ತಡೆಯಲು ವೈದ್ಯರು ಕೈ ತೊಳೆಯಬೇಕು ಎಂದ ಸೆಮ್ಮೆಲ್‌ವೈಸ್ ಅವರ ಮಾತನ್ನು ಒಪ್ಪಲಿಲ್ಲ. 1902ರ ಜನವರಿಯಲ್ಲಿ ಟ್ರಾಮ್‌ನಿಂದ ಇಳಿಯುವಾಗ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಚೇತರಿಸಿಕೊಳ್ಳದೆ ಸೆಪ್ಟೆಂಬರ್ 5ರಂದು ತೀರಿಕೊಂಡರು.

ಕೋವಿಡ್‌ಗೂ ಇದಕ್ಕೂ ಏನು ಸಂಬಂಧ?

2020ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಸೋಂಕಿನಿಂದ ಸತ್ತ 39 ಮಂದಿಯ ಹೃದಯ ಪರೀಕ್ಷಿಸಿದಾಗ 24 ಮಂದಿಯಲ್ಲಿ ವೈರಸ್ ಸಿಕ್ಕಿತು. ಆದರೆ ಹೃದಯದ ಸ್ನಾಯುವಿನಲ್ಲಿ ದೊಡ್ಡ ಮಟ್ಟದ ಉರಿಯೂತ ಕಾಣಲಿಲ್ಲ. ಬೇರೆ ಶವಪರೀಕ್ಷೆಗಳಲ್ಲಿ ಹೃದಯದ ಸಣ್ಣ ರಕ್ತನಾಳಗಳಲ್ಲಿ ಹೆಪ್ಪುಗಟ್ಟಿದ ರಕ್ತ ಕಂಡಿತು. ಅಂದರೆ ವೈರಸ್ ಸಿಕ್ಕ ಮಾತ್ರಕ್ಕೆ ಅದೇ ಹೃದಯವನ್ನು ಕೊಂದಿತು ಎನ್ನಲಾಗದು.

ಹಾಸನದ ಸಾವುಗಳನ್ನು ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ ಪರಿಶೀಲಿಸಿತು. ಧೂಮಪಾನ, ಮದ್ಯ, ಸಕ್ಕರೆ ಕಾಯಿಲೆ, ಬಿಪಿಯಂಥ ಹಳೆಯ ಕಾರಣಗಳೇ ಹೆಚ್ಚಾಗಿ ಕಂಡವು. ಆಸ್ಪತ್ರೆಯ ಹೊರಗಿನ ದಿಢೀರ್ ಸಾವುಗಳಿಗೆ ಮರಣೋತ್ತರ ಪರೀಕ್ಷೆ ಕಡ್ಡಾಯ ಮಾಡುವುದಾಗಿ ಸರ್ಕಾರ ಹೇಳಿತು.

ದುಃಖದ ಮನೆಯಲ್ಲಿ ಪೋಸ್ಟ್‌ಮಾರ್ಟಂ ಬೇಡ ಎನ್ನಿಸುವುದು ಸಹಜ. ಆದರೆ ಅದು ಇಲ್ಲದಿದ್ದರೆ ಕಾರಣದ ಜಾಗವನ್ನು ವದಂತಿ ತುಂಬುತ್ತದೆ. ಮುಂದಿನ ಸಲ ಇಂಥ ಮೆಸೇಜ್ ಬಂದರೆ, ಶೇರ್ ಒತ್ತುವ ಮೊದಲು ಒಂದೇ ಪ್ರಶ್ನೆ ಕೇಳಿ: ಪರೀಕ್ಷೆ ಮಾಡಿದವರು ಯಾರು?